ಕಸ್ಟಮ್ ಮೆಕ್ಯಾನಿಕಲ್ ಕೀಲಿಮಣೆ

ಸ್ವಿಚ್, ಅದರ ಮೇಲಿನ ಕೀಕ್ಯಾಪ್, ಸ್ವಿಚ್ಚುಗಳನ್ನು ಹಿಡಿದಿಡುವ ಪ್ಲೇಟ್, ಸರ್ಕ್ಯೂಟ್ ಬೋರ್ಡ್, ಹೊರಕವಚ ಇವನ್ನೆಲ್ಲ ಬಿಡಿಬಿಡಿಯಾಗಿ ಆರಿಸಿ ತಂದು, ಬಳಸುವವರೇ ಜೋಡಿಸಿ, ತಮ್ಮ ಬೆರಳಿಗೂ ಕಿವಿಗೂ ಒಪ್ಪುವಂತೆ ತಿದ್ದಿಕೊಂಡ ಕಂಪ್ಯೂಟರ್ ಕೀಲಿಮಣೆ. ಇಂಥ ಕೀಲಿಮಣೆ ಕಟ್ಟುವುದು ಕಳೆದ ಎರಡು ದಶಕಗಳಲ್ಲಿ ಒಂದು ಸ್ವತಂತ್ರ ಹವ್ಯಾಸವಾಗಿ ಬೆಳೆದಿದೆ. ಜಪಾನ್, ದಕ್ಷಿಣ ಕೊರಿಯಾ, ಅಮೆರಿಕ, ಯುರೋಪು, ಚೀನಾಗಳಲ್ಲಿ ಇದಕ್ಕೆ ದೊಡ್ಡ ಬಳಗವಿದೆ. ಭಾರತದಲ್ಲಿ ಬಳಗ ಚಿಕ್ಕದಾದರೂ ಚುರುಕಾಗಿದೆ.

ಅಗ್ಗದ ಕೀಲಿಮಣೆಯ ಒಳಗೆ ರಬ್ಬರಿನ ಪುಟ್ಟ ಗುಮ್ಮಟಗಳ ಒಂದು ಹಾಳೆ ಇರುತ್ತದೆ. ಕೀಲಿ ಒತ್ತಿದಾಗ ಗುಮ್ಮಟ ಕುಸಿದು, ಅದರ ಕೆಳಗಿನ ಪ್ಲಾಸ್ಟಿಕ್ ಪದರಗಳ ಮೇಲಿನ ಗೆರೆಗಳು ಕೂಡಿಕೊಳ್ಳುತ್ತವೆ. ಮೆಕ್ಯಾನಿಕಲ್ ಕೀಲಿಮಣೆಯಲ್ಲಿ ಹಾಗಲ್ಲ, ಪ್ರತಿ ಕೀಲಿಗೂ ಸ್ಪ್ರಿಂಗ್ ಮತ್ತು ಲೋಹದ ಸಂಪರ್ಕವುಳ್ಳ ಬೇರೆಯೇ ಸ್ವಿಚ್. ಕೀಲಿ ತಳ ಮುಟ್ಟುವ ಮೊದಲೇ, ಸಾಮಾನ್ಯವಾಗಿ ಅರ್ಧ ದಾರಿಯಲ್ಲಿ, ಅಕ್ಷರ ದಾಖಲಾಗುತ್ತದೆ. ಕೆಟ್ಟ ಸ್ವಿಚ್ಚೊಂದನ್ನೇ ತೆಗೆದು ಬೇರೆ ಹಾಕಬಹುದು. ಮೆಕ್ಯಾನಿಕಲ್ ಕೀಲಿಮಣೆಯಿಂದ ಟೈಪಿಂಗ್ ವೇಗ ಹೆಚ್ಚುತ್ತದೆ ಎನ್ನುವುದು ಜಾಹೀರಾತಿನ ಮಾತು. ಅಭ್ಯಾಸವಿದ್ದವರು ರಬ್ಬರ್ ಗುಮ್ಮಟದ ಮೇಲೂ ಅಷ್ಟೇ ಬೇಗ ಟೈಪ್ ಮಾಡುತ್ತಾರೆ. ಹವ್ಯಾಸಿಗಳು ದುಡ್ಡು ಸುರಿಯುವುದು ಸ್ಪರ್ಶಕ್ಕೆ, ಸದ್ದಿಗೆ, ನೋಟಕ್ಕೆ.

ಹಿನ್ನೆಲೆ

ಇಂದಿನ ಇಂಗ್ಲಿಷ್ ಕೀಲಿಮಣೆಯ ಅಕ್ಷರಕ್ರಮ ಅಮೆರಿಕದ ಕ್ರಿಸ್ಟೋಫರ್ ಶೋಲ್ಸ್ ಮತ್ತು ಸಂಗಡಿಗರು ರೂಪಿಸಿ, 1874ರಲ್ಲಿ ರೆಮಿಂಗ್‌ಟನ್ ಕಂಪನಿ ಮಾರುಕಟ್ಟೆಗೆ ತಂದ ಬೆರಳಚ್ಚು ಯಂತ್ರದಿಂದ ಬಂದದ್ದು. ಸಾಲಿನಿಂದ ಸಾಲಿಗೆ ಕೀಲಿಗಳು ಸ್ವಲ್ಪ ಪಕ್ಕಕ್ಕೆ ಸರಿದಿರುವುದೂ ಆ ಯಂತ್ರದ ಉಳಿಕೆಯೇ. ಒಂದು ಕೀಲಿಯ ಸನ್ನೆ ಇನ್ನೊಂದಕ್ಕೆ ತಾಗದಿರಲೆಂದು ಮಾಡಿದ ಏರ್ಪಾಡದು. ಸನ್ನೆಗಳು ಹೋಗಿ ಎಷ್ಟೋ ಕಾಲವಾದರೂ ಓರೆ ಹಾಗೇ ಉಳಿದಿದೆ.

1981ರಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರಿನ ಜೊತೆ ಕೊಟ್ಟ ಮಾಡೆಲ್ ಎಫ್ ಮತ್ತು 1985ರಿಂದ ತಯಾರಾದ ಮಾಡೆಲ್ ಎಂ ಕೀಲಿಮಣೆಗಳು ಹವ್ಯಾಸಿಗಳ ಪಾಲಿಗೆ ಮೂಲ ಪ್ರತಿಮೆಗಳಿದ್ದಂತೆ. ಇವುಗಳ ಸ್ಪ್ರಿಂಗ್ ಒತ್ತಡಕ್ಕೆ ಒಂದು ಹಂತದವರೆಗೆ ತಡೆದು, ಆಮೇಲೆ ಥಟ್ಟನೆ ಪಕ್ಕಕ್ಕೆ ಬಾಗುತ್ತದೆ. ಆ ಬಾಗುವಿಕೆಯಿಂದಲೇ ಅಕ್ಷರವೂ ದಾಖಲಾಗುತ್ತದೆ, ಗಟ್ಟಿ ಸದ್ದೂ ಬರುತ್ತದೆ. ಮಾಡೆಲ್ ಎಂನ ತೂಕ 2 ಕಿಲೋಗೂ ಹೆಚ್ಚು. ಕೆಂಟಕಿಯ ಲೆಕ್ಸಿಂಗ್‌ಟನ್‌ನಲ್ಲಿದ್ದ ಐಬಿಎಂನ ಕೀಲಿಮಣೆ ತಯಾರಿಸುವ ವಿಭಾಗ 1991ರಲ್ಲಿ ಲೆಕ್ಸ್‌ಮಾರ್ಕ್ ಎಂಬ ಬೇರೆ ಕಂಪನಿಯಾಯಿತು. ಲೆಕ್ಸ್‌ಮಾರ್ಕ್ ಕೀಲಿಮಣೆಯ ವ್ಯಾಪಾರ ಕೈಬಿಟ್ಟಾಗ 1996ರಲ್ಲಿ ಹುಟ್ಟಿದ ಯೂನಿಕಾಂಪ್ ಅದೇ ವಿನ್ಯಾಸವನ್ನು ಮುಂದುವರಿಸಿತು.

ಹವ್ಯಾಸದ ಮುಖ್ಯ ಹರಿವು ಮಾತ್ರ ಬಂದದ್ದು ಚೆರ್ರಿಯಿಂದ. 1953ರಲ್ಲಿ ವಾಲ್ಟರ್ ಚೆರ್ರಿ ಇಲಿನಾಯ್‌ನಲ್ಲಿ ಆರಂಭಿಸಿದ ಈ ಕಂಪನಿ ಮುಂದೆ ಜರ್ಮನಿಯ ಔವರ್‌ಬಾಖ್‌ನಲ್ಲಿ ನೆಲೆನಿಂತು, 1980ರ ದಶಕದಲ್ಲಿ ಎಂಎಕ್ಸ್ ಎಂಬ ಸ್ವಿಚ್ಚನ್ನು ತಂದಿತು. ಕೂಡುಚಿಹ್ನೆಯ ಆಕಾರದ ತಲೆಯುಳ್ಳ ಈ ಸ್ವಿಚ್ಚೇ ಇಂದು ಜಗತ್ತಿನ ಮಾನದಂಡ. ಕೂರಿಸುವ ತೂತು 14 ಮಿಲಿಮೀಟರ್ ಚೌಕ, ಒಂದು ಕೀಲಿಯ ನಡುವಿನಿಂದ ಪಕ್ಕದ ಕೀಲಿಯ ನಡುವಿಗೆ 19.05 ಮಿಲಿಮೀಟರ್ ಅಂತರ. ಈ ಎರಡು ಅಳತೆಗಳು ಸ್ಥಿರವಾದ್ದರಿಂದಲೇ ಒಂದು ದೇಶದ ಸ್ವಿಚ್ಚು, ಇನ್ನೊಂದು ದೇಶದ ಕೀಕ್ಯಾಪು, ಮತ್ತೊಂದು ದೇಶದ ಕವಚ ಒಂದೇ ಮೇಜಿನ ಮೇಲೆ ಕೂಡಿಕೊಳ್ಳುತ್ತವೆ. ಹವ್ಯಾಸಕ್ಕೆ ಬುನಾದಿ ಹಾಕಿದವರು ಯಾರೆಂದು ಕೇಳಿದರೆ ಯಾವ ವ್ಯಕ್ತಿಗಿಂತಲೂ ಮೊದಲು ಈ ಅಳತೆಗಳನ್ನು ಹೆಸರಿಸಬೇಕು.

1990ರ ದಶಕದಲ್ಲಿ ಕಂಪ್ಯೂಟರ್ ಬೆಲೆ ಇಳಿಯುತ್ತ ಹೋದಾಗ ರಬ್ಬರ್ ಗುಮ್ಮಟ ಎಲ್ಲೆಡೆ ಹಬ್ಬಿತು, ಹಳೆಯ ಭಾರದ ಕೀಲಿಮಣೆಗಳು ಗುಜರಿಗೆ ಹೋದವು. ಗುಜರಿಯಿಂದ ಅವನ್ನು ಎತ್ತಿ ತಂದು ತೊಳೆದು ದುರಸ್ತಿ ಮಾಡಿದವರೇ ಈ ಹವ್ಯಾಸದ ಮೊದಲ ತಲೆಮಾರು. ಅತ್ತ ಜಪಾನಿನಲ್ಲಿ ಗಣಕವಿಜ್ಞಾನಿ ಎಯಿಚಿ ವಾಡಾ ಅವರ ಆಲೋಚನೆಯಂತೆ ಪಿಎಫ್‌ಯು ಕಂಪನಿ 1996ರಲ್ಲಿ ಹ್ಯಾಪಿ ಹ್ಯಾಕಿಂಗ್ ಕೀಬೋರ್ಡ್ ತಂದಿತು. ಬಾಣದ ಕೀಲಿ, ಸಂಖ್ಯೆಯ ಕಟ್ಟೆ ಎಲ್ಲವನ್ನೂ ಕಿತ್ತೊಗೆದ ಪುಟ್ಟ ಕೀಲಿಮಣೆಯದು. ಕೊರಿಯಾದ ಹವ್ಯಾಸಿಗಳು ಅಲ್ಯೂಮಿನಿಯಂ ಗಟ್ಟಿಯನ್ನು ಯಂತ್ರದಲ್ಲಿ ಕೊರೆಸಿ ಕವಚ ಮಾಡಿಸತೊಡಗಿದ ಮೇಲೆ ‘ಕಸ್ಟಮ್’ ಎಂಬುದಕ್ಕೆ ಇಂದಿನ ರೂಪ ಬಂತು. 2010ರಲ್ಲಿ ರೇಜರ್ ಕಂಪನಿಯ ಬ್ಲ್ಯಾಕ್‌ವಿಡೋ ಬಂದಾಗ ಕಂಪ್ಯೂಟರ್ ಆಟಗಾರರೂ ಮೆಕ್ಯಾನಿಕಲ್ ಕಡೆ ತಿರುಗಿದರು. ಚೆರ್ರಿಯ ಪೇಟೆಂಟ್ ಅವಧಿ ಮುಗಿದದ್ದೇ ತಡ, ಗೇಟೆರಾನ್, ಕೈಲ್ ಮೊದಲಾದ ಚೀನೀ ತಯಾರಕರು ಅದೇ ಅಳತೆಯ ಸ್ವಿಚ್ಚುಗಳನ್ನು ಕಡಿಮೆ ಬೆಲೆಗೆ ಕೊಟ್ಟರು. ಮೊದಮೊದಲು ನಕಲು ಎಂದು ಮೂಗು ಮುರಿದವರೇ ಕೆಲವೇ ವರ್ಷಗಳಲ್ಲಿ ಅವು ಮೂಲಕ್ಕಿಂತ ನಯ ಎಂದು ಒಪ್ಪಿದರು. 2020-21ರ ಕೋವಿಡ್ ಕಾಲದಲ್ಲಿ ಮನೆಯಿಂದ ಕೆಲಸ ಮಾಡುತ್ತಿದ್ದವರು ದೊಡ್ಡ ಸಂಖ್ಯೆಯಲ್ಲಿ ಈ ಕಡೆ ಬಂದರು.

ಸ್ವಿಚ್ಚುಗಳು

ಸ್ವಿಚ್ಚಿನಲ್ಲಿ ಮೂರು ಬಗೆ. ಲೀನಿಯರ್ ಸ್ವಿಚ್ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನೆ ಇಳಿಯುತ್ತದೆ. ಟ್ಯಾಕ್ಟೈಲ್ ಸ್ವಿಚ್ಚಿನಲ್ಲಿ ನಡುದಾರಿಯಲ್ಲೊಂದು ಉಬ್ಬು ಬೆರಳಿಗೆ ಸಿಗುತ್ತದೆ. ಕ್ಲಿಕ್ಕಿ ಸ್ವಿಚ್ಚಿನಲ್ಲಿ ಉಬ್ಬಿನ ಜೊತೆ ಸದ್ದೂ ಇದೆ. ಚೆರ್ರಿಯ ಬಣ್ಣಗಳೇ ಇವುಗಳ ಅಡ್ಡಹೆಸರಾಗಿವೆ: ಕೆಂಪು ಲೀನಿಯರ್, ಕಂದು ಟ್ಯಾಕ್ಟೈಲ್, ನೀಲಿ ಕ್ಲಿಕ್ಕಿ. ಕೆಂಪು ಸ್ವಿಚ್ ಸುಮಾರು 45 ಸೆಂಟಿನ್ಯೂಟನ್ ಬಲಕ್ಕೆ, 2 ಮಿಲಿಮೀಟರ್ ಇಳಿದಾಗ ಅಕ್ಷರ ದಾಖಲಿಸುತ್ತದೆ. ಪೂರ್ತಿ ಇಳಿತ 4 ಮಿಲಿಮೀಟರ್. ಇತರ ತಯಾರಕರು ಈ ಬಣ್ಣದ ಕಟ್ಟಳೆಗೆ ಬದ್ಧರಲ್ಲ. ಹಾಗಾಗಿ ಇಂದು ಬಣ್ಣ ನೋಡಿ ಸ್ವಿಚ್ ಕೊಂಡರೆ ಮೋಸ ಹೋಗುವ ಸಾಧ್ಯತೆಯೇ ಹೆಚ್ಚು. ಕಂದು ಸ್ವಿಚ್ಚಿನ ಉಬ್ಬು ತೀರಾ ಮಂದ, ಲೀನಿಯರ್ ಸ್ವಿಚ್ಚಿಗೆ ಮರಳು ಸಿಕ್ಕಿಕೊಂಡ ಹಾಗಿದೆ ಎಂಬುದು ಹವ್ಯಾಸಿಗಳಲ್ಲಿ ಹಳೆಯ ಕುಹಕ. ಅದರಲ್ಲಿ ನಿಜವಿಲ್ಲದೆ ಇಲ್ಲ.

ಸ್ವಿಚ್ಚನ್ನು ಬಿಚ್ಚಿದರೆ ಮೇಲಿನ ಮತ್ತು ಕೆಳಗಿನ ಪ್ಲಾಸ್ಟಿಕ್ ಗೂಡು, ನಡುವೆ ಜಾರುವ ಕಾಂಡ, ಸ್ಪ್ರಿಂಗ್, ಎರಡು ಲೋಹದ ಎಲೆ ಸಿಗುತ್ತವೆ. ಒಂದರ ಕಾಂಡವನ್ನು ಇನ್ನೊಂದರ ಗೂಡಿಗೆ ಹಾಕಿ ನೋಡುವ ಆಟ ಇಲ್ಲಿಂದ ಶುರುವಾಯಿತು. ಹೋಲಿ ಪಾಂಡಾ ಎಂಬ ಪ್ರಸಿದ್ಧ ಟ್ಯಾಕ್ಟೈಲ್ ಸ್ವಿಚ್ ಹುಟ್ಟಿದ್ದು ಹೀಗೆಯೇ. ಪಾಂಡಾ ಎಂಬ ಲೀನಿಯರ್ ಸ್ವಿಚ್ಚಿನ ಗೂಡಿಗೆ ಹೇಲೋ ಎಂಬ ಇನ್ನೊಂದರ ಕಾಂಡವನ್ನು ಹವ್ಯಾಸಿಗಳು ಕೂರಿಸಿದಾಗ ಎರಡರಲ್ಲೂ ಇಲ್ಲದ ದುಂಡನೆಯ, ದೊಡ್ಡ ಉಬ್ಬು ಬಂತು. ಬೇಡಿಕೆ ಏರಿದ್ದು ನೋಡಿ ಕಂಪನಿಗಳು ಅದನ್ನು ಸಿದ್ಧವಾಗಿಯೇ ಮಾರತೊಡಗಿದವು.

ಸ್ಟೆಬಿಲೈಸರ್ ಮತ್ತು ಗ್ರೀಸು

ಹೊಸಬರು ಸ್ವಿಚ್ಚಿನ ಬಗ್ಗೆ ವಾರಗಟ್ಟಲೆ ತಲೆ ಕೆಡಿಸಿಕೊಂಡು ಸ್ಟೆಬಿಲೈಸರನ್ನು ಮರೆಯುತ್ತಾರೆ. ಕೀಲಿಮಣೆಯ ಸೊಗಸನ್ನು ಕೆಡಿಸುವುದು ಹೆಚ್ಚಾಗಿ ಇದೇ. ಸ್ಪೇಸ್ ಬಾರ್, ಎಂಟರ್, ಬ್ಯಾಕ್‌ಸ್ಪೇಸ್, ಶಿಫ್ಟ್‌ನಂಥ ಉದ್ದ ಕೀಲಿಗಳ ತುದಿಯಲ್ಲಿ ಒತ್ತಿದರೂ ಓರೆಯಾಗದೆ ಇಳಿಯಲೆಂದು ಎರಡು ಪಕ್ಕದಲ್ಲಿ ಪ್ಲಾಸ್ಟಿಕ್ ಕಾಲು, ಅವನ್ನು ಕೂಡಿಸುವ ಉಕ್ಕಿನ ತಂತಿ ಇರುತ್ತದೆ. ಈ ತಂತಿ ಪ್ಲಾಸ್ಟಿಕ್ಕಿನಲ್ಲಿ ಸಡಿಲವಾಗಿ ಅಲುಗಿದರೆ ಪ್ರತಿ ಸಲವೂ ‘ಟರ್ರ್’ ಎಂದು ಗಲಗಲಿಸುತ್ತದೆ. ಸಾವಿರಾರು ರೂಪಾಯಿಯ ಅಲ್ಯೂಮಿನಿಯಂ ಕವಚವೂ ಆ ಒಂದು ಸದ್ದಿನ ಮುಂದೆ ಡಬ್ಬಿಯಂತೆ ಕೇಳಿಸುತ್ತದೆ.

ತಿದ್ದುವ ಕ್ರಮ ಸರಳ, ಆದರೆ ತಾಳ್ಮೆಯದು. ತಂತಿಯನ್ನು ಗಾಜಿನಂಥ ಸಮತಟ್ಟಾದ ಮೇಲ್ಮೈ ಮೇಲಿಟ್ಟು ಒಂದು ತುದಿಯನ್ನು ಬೆರಳಿನಿಂದ ಒತ್ತುವುದು. ಇನ್ನೊಂದು ತುದಿ ಎದ್ದರೆ ಇಕ್ಕಳದಿಂದ ಕೂದಲೆಳೆಯಷ್ಟು ಬಾಗಿಸಿ ನೇರ ಮಾಡುವುದು. ತಂತಿಯ ತುದಿ ಪ್ಲಾಸ್ಟಿಕ್ಕಿನೊಳಗೆ ಹೋಗುವಲ್ಲಿ ಗಟ್ಟಿ ಡೈಎಲೆಕ್ಟ್ರಿಕ್ ಗ್ರೀಸನ್ನು ತುಂಬುವುದು. ಪ್ಲಾಸ್ಟಿಕ್ ಕಾಲಿನ ಅಡಿಯಲ್ಲಿ ಚಾಚಿಕೊಂಡ ಚೂರುಗಳಿದ್ದರೆ ಕತ್ತರಿಸುವುದು. ಸರ್ಕ್ಯೂಟ್ ಬೋರ್ಡಿಗೇ ಸ್ಕ್ರೂ ಹಾಕಿ ಬಿಗಿಯುವ ಸ್ಟೆಬಿಲೈಸರ್, ಪ್ಲೇಟಿಗೆ ಸಿಕ್ಕಿಸುವುದಕ್ಕಿಂತ ಭದ್ರ.

ಸ್ವಿಚ್ಚಿಗೂ ಗ್ರೀಸು ಹಚ್ಚುವುದುಂಟು. ಕ್ರೈಟಾಕ್ಸ್ ಹೆಸರಿನ 205 ಸಂಖ್ಯೆಯ, ಗಟ್ಟಿತನದಲ್ಲಿ ‘ಸೊನ್ನೆ’ ದರ್ಜೆಯ ಗ್ರೀಸು ಈ ಬಳಗದಲ್ಲಿ ಮನೆಮಾತು. ಕೈಗಾರಿಕೆಗಾಗಿ ತಯಾರಾದ ಈ ಗ್ರೀಸು ಪ್ಲಾಸ್ಟಿಕ್ಕನ್ನು ತಿನ್ನುವುದಿಲ್ಲ, ಬೇಗ ಒಣಗುವುದೂ ಇಲ್ಲ. ಸಣ್ಣ ಕುಂಚದ ತುದಿಯಲ್ಲಿ ಸಾಸಿವೆಗಿಂತ ಕಡಿಮೆ ಗ್ರೀಸು ತೆಗೆದುಕೊಂಡು ಕೆಳಗಿನ ಗೂಡಿನ ಜಾರುಗೆರೆಗಳಿಗೂ ಕಾಂಡದ ಪಕ್ಕಗಳಿಗೂ ತೆಳ್ಳಗೆ, ಹೊಳಪು ಮಾತ್ರ ಕಾಣುವಷ್ಟು, ಹಚ್ಚಬೇಕು. ಟ್ಯಾಕ್ಟೈಲ್ ಸ್ವಿಚ್ಚಾದರೆ ಲೋಹದ ಎಲೆಗೆ ತಾಗುವ ಕಾಂಡದ ಕಾಲುಗಳನ್ನು ಬಿಟ್ಟುಬಿಡಬೇಕು, ಇಲ್ಲದಿದ್ದರೆ ಉಬ್ಬೇ ಮಾಯ. ಸ್ಪ್ರಿಂಗುಗಳನ್ನು ಒಂದು ಚೀಲಕ್ಕೆ ಹಾಕಿ, ನಾಲ್ಕು ಹನಿ ತೆಳು ಎಣ್ಣೆ ಬಿಟ್ಟು ಕುಲುಕಿದರೆ ಅವುಗಳ ಕಿರುಗುಟ್ಟುವಿಕೆ ನಿಲ್ಲುತ್ತದೆ. ಕ್ಲಿಕ್ಕಿ ಸ್ವಿಚ್ಚಿಗೆ ಮಾತ್ರ ಗ್ರೀಸು ಹಚ್ಚಿದರೆ ಅದರ ಸದ್ದನ್ನೇ ಕೊಂದಂತೆ. ಒಂದು ಕೀಲಿಮಣೆಗೆ 60ರಿಂದ 90 ಸ್ವಿಚ್ಚು ಬೇಕಾಗುವುದರಿಂದ ಒಂದು ಭಾನುವಾರ ಪೂರ್ತಿ ಇದಕ್ಕೇ ಹೋಗುತ್ತದೆ. ಕೆಲವರಿಗೆ ಇದು ಧ್ಯಾನ, ಹಲವರಿಗೆ ಶಿಕ್ಷೆ. ಈಚೆಗೆ ಕಾರ್ಖಾನೆಯಲ್ಲೇ ಗ್ರೀಸು ಹಚ್ಚಿ ಬರುವ ಸ್ವಿಚ್ಚುಗಳು ಸಾಕಷ್ಟು ಚೆನ್ನಾಗಿರುವುದರಿಂದ ಈ ಕೆಲಸದ ಅನಿವಾರ್ಯತೆ ತಗ್ಗಿದೆ. ಚೆರ್ರಿ ಕೂಡ 2023ರ ಎಂಎಕ್ಸ್2ಎ ಸರಣಿಯಲ್ಲಿ ಅದೇ ದಾರಿ ಹಿಡಿಯಿತು.

ಅಳತೆ, ಕವಚ, ಸದ್ದು

ಪೂರ್ಣ ಕೀಲಿಮಣೆಯಲ್ಲಿ 104 ಕೀಲಿ. ಬಲಗಡೆಯ ಸಂಖ್ಯೆಯ ಕಟ್ಟೆ ಬಿಟ್ಟರೆ 87. ಬಾಣದ ಕೀಲಿಗಳನ್ನು ಉಳಿಸಿಕೊಂಡು ಇನ್ನಷ್ಟು ಒತ್ತೊತ್ತಾಗಿಸಿದರೆ ಶೇ 75 ಮತ್ತು ಶೇ 65, ಅವೂ ಇಲ್ಲವಾದರೆ 61 ಕೀಲಿಯ ಶೇ 60. ಸಂಖ್ಯೆಯ ಸಾಲನ್ನೂ ಕಳಚಿದ ಶೇ 40 ಕೀಲಿಮಣೆ ಬಳಸುವವರೂ ಇದ್ದಾರೆ. ಅವರನ್ನು ಹವ್ಯಾಸಿಗಳೇ ಸ್ವಲ್ಪ ವಿಚಿತ್ರವಾಗಿ ನೋಡುತ್ತಾರೆ. ಎರಡು ಹೋಳಾಗಿ ಬರುವ ಎರ್ಗೋಡಾಕ್ಸ್, ಕಾರ್ನೆಯಂಥವು ಭುಜದ ಅಗಲಕ್ಕೆ ತಕ್ಕಂತೆ ಕೈಗಳನ್ನು ಇಡಲು ಅನುವು ಮಾಡುತ್ತವೆ. ಆರಾಮ ಎನಿಸುವುದು ನಿಜ. ಮಣಿಕಟ್ಟಿನ ನೋವಿಗೆ ಮದ್ದು ಎಂದು ಕೊಳ್ಳುವುದು ಬೇಡ, ಅದಕ್ಕೆ ವೈದ್ಯರಿದ್ದಾರೆ.

ಕವಚ ಪ್ಲಾಸ್ಟಿಕ್, ಅಲ್ಯೂಮಿನಿಯಂ, ಪಾಲಿಕಾರ್ಬೊನೇಟ್, ಮರ ಯಾವುದೂ ಆಗಬಹುದು. ಸದ್ದನ್ನು ನಿರ್ಧರಿಸುವುದರಲ್ಲಿ ಕವಚದ ವಸ್ತುವಿಗಿಂತ ಒಳಗಿನ ಪ್ಲೇಟನ್ನು ಹೇಗೆ ಕೂರಿಸಿದೆ ಎಂಬುದರ ಪಾತ್ರ ದೊಡ್ಡದು. ಬೋರ್ಡನ್ನು ನೇರ ಕವಚದ ತಳಕ್ಕೆ ಸ್ಕ್ರೂ ಹಾಕಿ ಬಿಗಿದರೆ ಸ್ಕ್ರೂ ಇರುವ ಕಡೆ ಗಡುಸು, ಇಲ್ಲದ ಕಡೆ ಮೃದು. ಗ್ಯಾಸ್ಕೆಟ್ ಪದ್ಧತಿಯಲ್ಲಿ ಪ್ಲೇಟಿನ ಅಂಚುಗಳು ರಬ್ಬರು ಅಥವಾ ಫೋಮಿನ ಪಟ್ಟಿಗಳ ನಡುವೆ ತೇಲುವುದರಿಂದ ಎಲ್ಲ ಕೀಲಿಗೂ ಒಂದೇ ಬಗೆಯ ಸ್ಪರ್ಶ. ಹಿತ್ತಾಳೆ ಪ್ಲೇಟು ಸದ್ದನ್ನು ಚೂಪಾಗಿಸಿದರೆ ಪಾಲಿಕಾರ್ಬೊನೇಟ್ ಅದನ್ನು ಆಳವಾಗಿಸುತ್ತದೆ. ಖಾಲಿ ಜಾಗಕ್ಕೆ ಫೋಮು ತುಂಬುವುದು, ಬೋರ್ಡಿನ ಬೆನ್ನಿಗೆ ಬಣ್ಣ ಬಳಿಯುವವರು ಬಳಸುವ ಕಾಗದದ ಟೇಪನ್ನು ಎರಡು ಪದರ ಅಂಟಿಸುವುದು ಅಗ್ಗದ, ಆದರೆ ಪರಿಣಾಮಕಾರಿ ಉಪಾಯಗಳು. ಮೊದಲು ಟೇಪು ಅಂಟಿಸಿ ಕೇಳಿ, ಹೊಸ ಕವಚದ ಮಾತು ಆಮೇಲೆ.

ಕೀಕ್ಯಾಪು ಮತ್ತು ಮುಂಗಡದ ವ್ಯಾಪಾರ

ಕೀಕ್ಯಾಪಿಗೆ ಮುಖ್ಯವಾಗಿ ಎರಡು ಪ್ಲಾಸ್ಟಿಕ್: ಎಬಿಎಸ್ ಮತ್ತು ಪಿಬಿಟಿ. ಎಬಿಎಸ್‌ಗೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ, ಆದರೆ ಬೆರಳು ತಾಗಿ ತಾಗಿ ನುಣುಪಾಗಿ ಹೊಳೆಯತೊಡಗುತ್ತದೆ. ಪಿಬಿಟಿ ಒರಟು, ಬಾಳಿಕೆ ಹೆಚ್ಚು. ಅಚ್ಚಿನಿಂದ ಹೊರಬರುವಾಗ ಕುಗ್ಗುವುದರಿಂದ ಉದ್ದನೆಯ ಸ್ಪೇಸ್ ಬಾರ್ ಕೆಲವೊಮ್ಮೆ ಬಾಳೆಕಾಯಿಯಂತೆ ಬಾಗಿರುತ್ತದೆ. ಅಕ್ಷರ ಮೂಡಿಸುವಲ್ಲಿ ಡಬಲ್‌ಶಾಟ್ ಕ್ರಮ ಶ್ರೇಷ್ಠ. ಅಕ್ಷರವೇ ಬೇರೆ ಬಣ್ಣದ ಪ್ಲಾಸ್ಟಿಕ್ಕಾಗಿ ಕೀಕ್ಯಾಪಿನ ಆಳಕ್ಕೂ ಇರುವುದರಿಂದ ಅಳಿಸಿಹೋಗುವ ಮಾತೇ ಇಲ್ಲ. ಚೆರ್ರಿಯ ಹಳೆಯ ಅಚ್ಚುಗಳನ್ನು ಪಡೆದ ಜರ್ಮನಿಯ ಜಿಎಂಕೆ ಈ ಕ್ರಮದಲ್ಲಿ ಹೆಸರುವಾಸಿ. ಅದರ ಒಂದು ಸೆಟ್ಟಿಗೆ ಕೊಡುವ ಹಣದಲ್ಲಿ ಒಳ್ಳೆಯ ಕೀಲಿಮಣೆಯೇ ಬರುತ್ತದೆ, ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ.

ಇಂಥ ಸೆಟ್ಟುಗಳು ಹಲವು ವರ್ಷ ‘ಗ್ರೂಪ್ ಬೈ’ ಪದ್ಧತಿಯಲ್ಲಿ ಮಾರಾಟವಾದವು. ವಿನ್ಯಾಸಕಾರರು ಮೊದಲು ಚಿತ್ರ ತೋರಿಸಿ ಆಸಕ್ತಿ ಅಳೆಯುತ್ತಾರೆ. ಸಾಕಷ್ಟು ಜನ ಮುಂಗಡವಾಗಿ ಪೂರ್ತಿ ದುಡ್ಡು ಕಟ್ಟಿದ ಮೇಲೆ ಕಾರ್ಖಾನೆಗೆ ಆದೇಶ ಹೋಗುತ್ತದೆ. ವಸ್ತು ಕೈಗೆ ಬರಲು ಆರು ತಿಂಗಳು, ವರ್ಷ, ಕೋವಿಡ್ ಕಾಲದಲ್ಲಿ ಅದಕ್ಕೂ ಹೆಚ್ಚು ಹಿಡಿಯಿತು. ಚೀಟಿ ವ್ಯವಹಾರ ಕಂಡ ನಮ್ಮ ಓದುಗರಿಗೆ ಇದರ ಅಪಾಯವನ್ನು ವಿವರಿಸಬೇಕಿಲ್ಲ. ಹಣ ಸಂಗ್ರಹಿಸಿ ಬಾಗಿಲು ಹಾಕಿದ ಅಂಗಡಿಗಳು ಹಲವು ದೇಶಗಳಲ್ಲಿವೆ. ಈಗ ಚೀನೀ ತಯಾರಕರು ಅಷ್ಟೇ ಗುಣದ ಮಾಲನ್ನು ಸಿದ್ಧವಾಗಿಟ್ಟು ಮಾರುತ್ತಿರುವುದರಿಂದ ಗ್ರೂಪ್ ಬೈನ ಆಕರ್ಷಣೆ ಕುಂದಿದೆ. ಕುಂದಿದ್ದು ಒಳ್ಳೆಯದೇ.

ಒಳಗಿನ ತಂತ್ರಾಂಶ

ಅರುವತ್ತು ಸ್ವಿಚ್ಚಿಗೆ ಅರುವತ್ತು ತಂತಿ ಎಳೆಯುವ ಬದಲು ಅವನ್ನು ಅಡ್ಡಸಾಲು, ಕಂಬಸಾಲುಗಳ ಬಲೆಯಾಗಿ ಜೋಡಿಸುತ್ತಾರೆ. 5 ಅಡ್ಡಸಾಲು, 14 ಕಂಬಸಾಲಾದರೆ 19 ಸಂಪರ್ಕದಲ್ಲಿ 70 ಕೀಲಿಯವರೆಗೆ ನಿಭಾಯಿಸಬಹುದು. ಒಂದೇ ಹೊತ್ತಿಗೆ ಹಲವು ಕೀಲಿ ಒತ್ತಿದಾಗ ಒತ್ತದ ಅಕ್ಷರ ಮೂಡದಿರಲೆಂದು ಪ್ರತಿ ಸ್ವಿಚ್ಚಿಗೂ ಒಂದು ಡಯೋಡ್. ಲೋಹದ ಎಲೆಗಳು ತಾಗುವಾಗ ಕ್ಷಣಕಾಲ ಅದುರಿ ಒಂದೇ ಅಕ್ಷರ ಎರಡು ಸಲ ಬೀಳದಂತೆ ಬೋರ್ಡಿನ ನಿಯಂತ್ರಕ ಚಿಪ್ಪು ಕೆಲವು ಮಿಲಿಸೆಕೆಂಡು ಕಾದು ನೋಡುತ್ತದೆ. ಈ ಚಿಪ್ಪನ್ನು ನಡೆಸುವ ಕ್ಯೂಎಂಕೆ ಎಂಬ ಮುಕ್ತ ತಂತ್ರಾಂಶ, ಜಪಾನಿನ ಜುನ್ ವಾಕೋ ಬರೆದ ಟಿಎಂಕೆಯಿಂದ ಕವಲೊಡೆದದ್ದು. ಅದನ್ನು ಆರಂಭಿಸಿದವರು ಜ್ಯಾಕ್ ಹಂಬರ್ಟ್. ಯಾವ ಕೀಲಿ ಏನು ಮಾಡಬೇಕೆಂಬುದನ್ನು ಇದರಲ್ಲಿ ಬಳಸುವವರೇ ಬದಲಿಸಬಹುದು. ಬದಲಾವಣೆ ಕೀಲಿಮಣೆಯ ಒಳಗೇ ಉಳಿಯುವುದರಿಂದ ಯಾವ ಕಂಪ್ಯೂಟರಿಗೆ ಚುಚ್ಚಿದರೂ ಜೊತೆಗೇ ಬರುತ್ತದೆ.

ಲೋಹದ ಸಂಪರ್ಕದ ಬದಲು ಅಯಸ್ಕಾಂತ ಬಳಸುವ ಹಾಲ್ ಇಫೆಕ್ಟ್ ಸ್ವಿಚ್ಚುಗಳು ಈಚೆಗೆ ಮತ್ತೆ ಬಳಕೆಗೆ ಬಂದಿವೆ. ಕೀಲಿ ಎಷ್ಟು ಇಳಿದಿದೆ ಎಂಬುದನ್ನೇ ಅಳೆಯುವುದರಿಂದ ಅಕ್ಷರ ಎಷ್ಟು ಆಳದಲ್ಲಿ ಬೀಳಬೇಕೆಂದು ಗೊತ್ತುಪಡಿಸಬಹುದು. ನೆದರ್ಲೆಂಡ್ಸಿನ ವೂಟಿಂಗ್ ಕಂಪನಿ ಇದನ್ನು ಜನಪ್ರಿಯಗೊಳಿಸಿತು. ಆಟಗಾರರಿಗೆ ಇದರಿಂದ ಲಾಭವಿದೆ, ಬರೆಯುವವರಿಗೆ ಅಷ್ಟಾಗಿ ಇಲ್ಲ.

ಭಾರತ ಮತ್ತು ಕನ್ನಡ

ಹವ್ಯಾಸದ ಹೆಸರು ಕೇಳುವ ಎಷ್ಟೋ ಮೊದಲೇ ಭಾರತೀಯರು ಮೆಕ್ಯಾನಿಕಲ್ ಕೀಲಿಮಣೆ ಕುಟ್ಟಿದ್ದರು. ಚೆನ್ನೈನ ಟಿವಿಎಸ್ ಎಲೆಕ್ಟ್ರಾನಿಕ್ಸ್ ಮಾರಿದ ‘ಗೋಲ್ಡ್’ ಕೀಲಿಮಣೆಯಲ್ಲಿ ಬಹುಕಾಲ ಇದ್ದದ್ದು ಚೆರ್ರಿಯ ನೀಲಿ ಸ್ವಿಚ್ಚೇ. ಸರ್ಕಾರಿ ಕಚೇರಿ, ಬ್ಯಾಂಕು, ಡಿಟಿಪಿ ಅಂಗಡಿಗಳಲ್ಲಿ ಕೇಳಿಬರುತ್ತಿದ್ದ ಟಕಟಕ ಅದರದ್ದು. ಅಮೆರಿಕದ ಹವ್ಯಾಸಿಗಳು ದುಬಾರಿ ಬೆಲೆ ತೆತ್ತು ತರಿಸುತ್ತಿದ್ದ ಸ್ವಿಚ್ಚು ನಮ್ಮ ತಾಲ್ಲೂಕು ಕೇಂದ್ರದ ಜೆರಾಕ್ಸ್ ಅಂಗಡಿಯಲ್ಲಿ ಧೂಳು ತಿನ್ನುತ್ತಿತ್ತು. ಇಂದು ಬಿಡಿಭಾಗ ಮಾರುವ ಆನ್‌ಲೈನ್ ಅಂಗಡಿಗಳು ದೇಶದಲ್ಲೇ ಇವೆ. ಹೊರಗಿನಿಂದ ತರಿಸುವವರು ಸಾಗಣೆ ಮತ್ತು ಕಸ್ಟಮ್ಸ್ ಸುಂಕವನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ಕನ್ನಡ ಬರೆಯುವವರಿಗೆ ಕ್ಯೂಎಂಕೆಯಿಂದ ನಿಜವಾದ ಪ್ರಯೋಜನವೊಂದಿದೆ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ನುಡಿ ತಂತ್ರಾಂಶದಲ್ಲಿರುವ ಕೀಲಿಕ್ರಮದಲ್ಲಿ ‘ಕನ್ನಡ’ ಎಂದು ಬರೆಯಲು ಐದು ಒತ್ತು: ಕೆ, ಎನ್, ಎಫ್, ಎನ್, ಡಬ್ಲ್ಯು. ಒತ್ತಕ್ಷರಕ್ಕೆಲ್ಲ ಎಫ್ ಬೇಕು. ಅದು ಎಡಗೈ ತೋರುಬೆರಳಿನ ಮನೆಯಲ್ಲೇ ಇರುವುದರಿಂದ ತೊಂದರೆಯಿಲ್ಲ. ತೊಂದರೆ ಇರುವುದು ಶಿಫ್ಟ್‌ನಲ್ಲಿ. ‘ಕಾ’ದ ದೀರ್ಘಕ್ಕೆ, ‘ಕೀ’ ‘ಕೂ’ಗಳಿಗೆ, ಳ, ಣ, ಶಗಳಿಗೆ, ಮಹಾಪ್ರಾಣಗಳಿಗೆ ಎಲ್ಲಕ್ಕೂ ಶಿಫ್ಟ್ ಒತ್ತಬೇಕು. ಇಂಗ್ಲಿಷಿನಲ್ಲಿ ವಾಕ್ಯಕ್ಕೊಂದು ಸಲ ಕೆಲಸ ಮಾಡುವ ಕಿರುಬೆರಳು ಕನ್ನಡದಲ್ಲಿ ಪದಪದಕ್ಕೂ ದುಡಿಯುತ್ತದೆ. ಸ್ಪೇಸ್ ಬಾರನ್ನು ಒತ್ತಿ ಬಿಟ್ಟರೆ ಖಾಲಿ ಜಾಗ, ಒತ್ತಿ ಹಿಡಿದರೆ ಶಿಫ್ಟ್ ಆಗುವಂತೆ ಕ್ಯೂಎಂಕೆಯಲ್ಲಿ ಹೊಂದಿಸಿಕೊಂಡರೆ ಈ ಭಾರ ಹೆಬ್ಬೆರಳಿಗೆ ವರ್ಗವಾಗುತ್ತದೆ. ಒತ್ತಿದ್ದೋ ಹಿಡಿದದ್ದೋ ಎಂದು ತೀರ್ಮಾನಿಸುವ ಅವಧಿ ಮೂಲದಲ್ಲಿ 200 ಮಿಲಿಸೆಕೆಂಡು. ಬೇಗ ಟೈಪ್ ಮಾಡುವವರು ತಮ್ಮ ಕೈಗೆ ತಕ್ಕಂತೆ ಅದನ್ನು ಬದಲಿಸಿಕೊಳ್ಳಬೇಕಾಗುತ್ತದೆ. ಕನ್ನಡ ಅಕ್ಷರವುಳ್ಳ ಕೀಕ್ಯಾಪುಗಳು ಮಾತ್ರ ಇಂಗ್ಲಿಷಿನವುಗಳಂತೆ ಸುಲಭವಾಗಿ ಸಿಗುವುದಿಲ್ಲ. ಬೆರಳಿಗೆ ಕೀಲಿಕ್ರಮ ಕರಗತವಾದವರಿಗೆ ಅಕ್ಷರವೇ ಇಲ್ಲದ ಕೀಕ್ಯಾಪೂ ಸಾಕು.

ಆರಂಭಿಸುವವರಿಗೆ

ಮೊದಲ ಕೀಲಿಮಣೆ ಹಾಟ್‌ಸ್ವಾಪ್ ಆಗಿರಲಿ. ಬೆಸುಗೆಯಿಲ್ಲದೆ ಸ್ವಿಚ್ ಕೀಳಲು, ಹಾಕಲು ಬರುವ ಬೋರ್ಡನ್ನು ಹಾಗೆನ್ನುತ್ತಾರೆ. ಹಾಕುವಾಗ ಎರಡು ಲೋಹದ ಪಿನ್ನುಗಳು ನೇರವಾಗಿವೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಬೋರ್ಡಿನ ಹಿಂದೆ ಬೆರಳು ಆನಿಸಿ, ನೇರ ಕೆಳಗೆ ಒತ್ತಿ. ಪಿನ್ನು ಮಡಚಿ ಅಕ್ಷರ ಬೀಳದಿರುವುದು ಹೊಸಬರ ಅತಿ ಸಾಮಾನ್ಯ ತೊಡಕು, ಇಕ್ಕಳದಿಂದ ನೇರ ಮಾಡಿದರೆ ಸರಿಹೋಗುತ್ತದೆ. ಒತ್ತಿದ ಭರಕ್ಕೆ ಹಿಂದಿನ ಸಾಕೆಟ್ಟೇ ಕಿತ್ತು ಬಂದರೆ ಬೆಸುಗೆ ಹಾಕದೆ ಗತಿಯಿಲ್ಲ. ತೊಂಬತ್ತು ಸ್ವಿಚ್ಚನ್ನು ಒಟ್ಟಿಗೆ ಕೊಳ್ಳುವ ಮೊದಲು ಬೇರೆ ಬೇರೆ ಬಗೆಯ ನಾಲ್ಕಾರು ಬಿಡಿ ಸ್ವಿಚ್ಚು ತರಿಸಿ ಅವನ್ನು ಕೀಲಿಮಣೆಯಲ್ಲೇ ಕೂರಿಸಿ ವಾರವೊಪ್ಪತ್ತು ಬಳಸಿ ನೋಡಿ. ಯೂಟ್ಯೂಬಿನ ಸದ್ದು ನಂಬಬೇಡಿ. ಮೈಕು, ಮೇಜು, ಕೋಣೆ ಬದಲಾದರೆ ಅದೇ ಕೀಲಿಮಣೆ ಬೇರೆಯಾಗಿ ಕೇಳುತ್ತದೆ. ಕೀಕ್ಯಾಪ್ ಸೆಟ್ ಕೊಳ್ಳುವಾಗ ನಿಮ್ಮ ಕೀಲಿಮಣೆಯ ಬಲ ಶಿಫ್ಟ್ ಅಳತೆ ಸೆಟ್ಟಿನಲ್ಲಿದೆಯೇ ನೋಡಿ, ಶೇ 65 ಮತ್ತು 75ರಲ್ಲಿ ಅದು ಚಿಕ್ಕದಾಗಿರುತ್ತದೆ. ದುಡ್ಡು ಮೊದಲು ಹೋಗಬೇಕಾದದ್ದು ಸ್ಟೆಬಿಲೈಸರಿಗೆ ಮತ್ತು ಒಂದು ಡಬ್ಬಿ ಗ್ರೀಸಿಗೆ; ಕವಚ ಕೊನೆಗೆ. ಕ್ಲಿಕ್ಕಿ ಸ್ವಿಚ್ಚನ್ನು ಮಾತ್ರ ಪಕ್ಕದಲ್ಲಿ ಸಹೋದ್ಯೋಗಿಗಳಿರುವ ಆಫೀಸಿಗೆ ಒಯ್ಯಬೇಡಿ.